ಸೂಜಿ ಚುಚ್ಚಿದ ಜಾಗ

"ಇವರ ನರ ಕಣ್ಣಾಮುಚ್ಚಾಲೆ ಆಡ್ತಿದೆ ಕಣಮ್ಮಾ," ಎಂದು ಕನ್ನಡಕದ ನರ್ಸು ಮೂರನೆಯ ಸಲ ಸೂಜಿ ಹೊರಗೆಳೆದಳು. ರೋಗಿಯ ಮುಂಗೈ ಮೇಲೆ ಮೂರು ಕೆಂಪು ಚುಕ್ಕೆಗಳು ಸಾಲಾಗಿ ನಿಂತವು.

ಮಂಚದ ಪಕ್ಕ ನಿಂತಿದ್ದ ಹೆಂಡತಿಯ ಬೆರಳುಗಳು ತಮಗೆ ತಾವೇ ಮಿಡುಕಿದವು. ಇಪ್ಪತ್ತೆರಡು ವರ್ಷದಿಂದ ಒಂದೇ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಕೂಸುಗಳ ಎಳೆದಾರದಂಥ ನರ, ಮುದುಕರ ಜಾರುವ ನರ, ಹೆದರಿ ಒಳಸರಿದ ನರ, ಯಾವುದೂ ಅವಳ ಬೆರಳತುದಿಗೆ ಸಿಗದೆ ಹೋದದ್ದಿಲ್ಲ. 'ಚುಚ್ಚಿದ್ದೇ ಗೊತ್ತಾಗಲಿಲ್ಲ' ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಆ ಮಾತೊಂದೇ ಅವಳ ದಿನದ ಸಮಾಧಾನವಾಗಿತ್ತು.

"ಕೊಡಿ ಸಿಸ್ಟರ್, ನಾನು ನೋಡ್ತೀನಿ."

"ಅಯ್ಯೋ, ನೀವು ಮನೆಯವರು. ಮುಟ್ಟೋ ಹಾಗಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ನನ್ನ ಪೆನ್ಷನ್ನಿಗೇ ಕಲ್ಲು," ಎಂದು ನರ್ಸು ನಾಲ್ಕನೆಯ ಸಲ ಮೊಣಕೈ ಮಡಿಕೆಯಲ್ಲಿ ಹೇಗೋ ದಾರಿ ಕಂಡುಕೊಂಡಳು.

"ಜರಡಿ ಮಾಡಿಟ್ರಿ ನನ್ನ ಮಗನ ಕೈಯನ್ನ," ಎಂದರು ಸ್ಟೂಲಿನ ಮೇಲೆ ಕುಳಿತಿದ್ದ ಅತ್ತೆ.

ಮಗ ಮಾತ್ರ ಎದುರು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಗಡಿಯಾರ ರಿಪೇರಿ ಅವನ ಕಸುಬು. ನಾಲ್ಕು ಅಡಿ ಅಗಲದ ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಕಾಳಿನಷ್ಟು ಸಣ್ಣ ತಿರುಪುಗಳ ಮುಂದೆ ಅವನ ಅರ್ಧ ಆಯುಸ್ಸು ಹೋಗಿತ್ತು. ನಿನ್ನೆ ದಾಖಲಾದ ಹೊತ್ತಿನಿಂದ ಅವನು ಆಡಿದ್ದೇ ನಾಲ್ಕಾರು ಮಾತು. ಅದರಲ್ಲಿ ಒಂದು, ಈ ವಾರ್ಡಿನ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂಬುದು.

"ಅಮ್ಮಾ, ಅವಳಿಗೆ ಹೇಳು, ಕೆಲಸಕ್ಕೆ ಹೋಗಲಿ. ಇಲ್ಲಿ ನಿಂತು ಏನು ಮಾಡ್ತಾಳೆ?"

"ಇಲ್ಲೇ ಇದಾಳಲ್ಲೋ, ಮೂರು ಮೊಳ ದೂರದಲ್ಲಿ! ಆ ಮಾತು ನನ್ನ ಕಿವಿ ಪ್ರದಕ್ಷಿಣೆ ಹಾಕಿಕೊಂಡೇ ಹೋಗಬೇಕಾ? ಒಂಬತ್ತು ವರ್ಷದಿಂದ ನಿಮ್ಮಿಬ್ಬರ ಟಪಾಲು ಹೊತ್ತು ಹೊತ್ತು ನನಗೆ ಸಾಕಾಗಿದೆ. ಇವರಿಗೆ ಪೆನ್ಷನ್ ಇದೆಯಂತೆ. ನನಗೆ ಯಾವಾಗ?"

ನರ್ಸು ನಕ್ಕಳು. ಮಂಚದ ಮೇಲಿದ್ದವನೂ ನಗಲಿಲ್ಲ, ನಿಂತವಳೂ ನಗಲಿಲ್ಲ. ಅತ್ತೆ ಮತ್ತೆ ಬಾಯಿಪಾಠದ ಪದ್ಯಗಳಿಗೆ ಮರಳಿದರು. ಬೆಳಗಿನಿಂದ ತುಟಿಯೊಳಗೇ ಒಂದಾದ ಮೇಲೊಂದು ಹೇಳಿಕೊಳ್ಳುತ್ತಿದ್ದರು. ನಡುನಡುವೆ ಒಂದು ಸಾಲು ತಪ್ಪಿದರೆ ತಮ್ಮ ಹಣೆಯನ್ನು ತಾವೇ ತಟ್ಟಿಕೊಂಡು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು.

ಎರಡು ವರ್ಷದ ಹಿಂದೆ ಅವನ ಎಡಗಾಲು ಊದಿತ್ತು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕೂತು ಮಾಡುವ ಕೆಲಸ ನೋಡಿ, ಅದಕ್ಕೇ ಎಂದು ಆಗಿನ ಡಾಕ್ಟರು ರಕ್ತ ತೆಳುವಾಗುವ ಮಾತ್ರೆ ಬರೆದುಕೊಟ್ಟಿದ್ದರು. ರಕ್ತ ಎಷ್ಟು ತೆಳುವಾಗಿದೆಯೆಂದು ವಾರವಾರ ಪರೀಕ್ಷೆ ಮಾಡಬೇಕು. ಹೆಚ್ಚಾದರೆ ಒಳಗೆಲ್ಲೋ ಒಸರುತ್ತದೆ, ಕಡಿಮೆಯಾದರೆ ಮತ್ತೆ ಹೆಪ್ಪುಗಟ್ಟುತ್ತದೆ. ಆ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ಅಡುಗೆಮನೆಯ ಕಿಟಕಿ ಬೆಳಕಿನಲ್ಲಿ ಅವನು ತೋಳು ಚಾಚುತ್ತಿದ್ದ, ಅವಳು ರಬ್ಬರ್ ಪಟ್ಟಿ ಬಿಗಿಯುತ್ತಿದ್ದಳು. ಇಬ್ಬರ ನಡುವೆ ಮಾತಿರಲಿಲ್ಲ. ಇಡೀ ವಾರದಲ್ಲಿ ಅವಳು ಅವನ ಮೈ ಮುಟ್ಟುತ್ತಿದ್ದದ್ದು ಅದೊಂದೇ ಸಲ.

ಇಷ್ಟಾದರೂ ಹೋದ ವಾರ ಬಲಗಾಲೂ ಊದಿತು. ಮೊನ್ನೆ ಸಂಜೆ ಕೆಮ್ಮಿದಾಗ ಕರ್ಚೀಫಿನಲ್ಲಿ ರಕ್ತ ಬಂತು.

ಹತ್ತೂವರೆಗೆ ಹೊಸ ಡಾಕ್ಟರಮ್ಮ ಬಂದರು. ಮೈಯೊಳಗಿನ ಉರಿಯೂತದ ಕಾಯಿಲೆಗಳನ್ನು ನೋಡುವವರಂತೆ. ಐವತ್ತರ ಆಸುಪಾಸು, ಕುತ್ತಿಗೆಗೆ ಬಿಗಿಯಾಗಿ ಸುತ್ತಿದ ಶಾಲು, ಅವಸರವಿಲ್ಲದ ದನಿ. ಮಂಚದ ಕಾಲಬದಿಯ ಹಾಳೆಗಳನ್ನು ತಿರುವಿ, ಎರಡು ವರ್ಷದ ಅಂಕಿಗಳ ಮೇಲೆ ಬೆರಳಾಡಿಸಿದರು.

"ಎರಡೂವರೆ, ಎರಡು ಪಾಯಿಂಟ್ ಆರು, ಎರಡೂವರೆ... ನೂಲು ಹಿಡಿದ ಹಾಗಿದೆಯಲ್ಲ! ಇಷ್ಟು ಚೆನ್ನಾಗಿ ನೋಡಿಕೊಂಡದ್ದು ಯಾರು?"

"ನಾನೇ ಡಾಕ್ಟ್ರೇ," ಎಂದಳು ಅವಳು. ಒಂಬತ್ತು ವರ್ಷದಲ್ಲಿ ಗಂಡನ ಎದುರಿಗೆ ಅವಳ ದನಿ ಅಷ್ಟು ನೆಟ್ಟಗೆ ನಿಂತದ್ದು ಅದೇ ಮೊದಲು.

"ಹಾಗಾದ್ರೆ ಇಷ್ಟು ಸರಿಯಾಗಿ ಮಾತ್ರೆ ನಡೀತಿರುವಾಗ ಇನ್ನೊಂದು ಕಾಲು ಯಾಕೆ ಊದಿತು? ಅದೇ ನನ್ನ ಪ್ರಶ್ನೆ. ಸ್ಕ್ಯಾನ್ ಆಗೋವರೆಗೂ ಆ ಮಾತ್ರೆ ಬೇಡ. ನಿಲ್ಲಿಸಿ."

"ಹೆಪ್ಪುಗಟ್ಟಿರುವಾಗ ನಿಲ್ಲಿಸೋದಾ?"

"ರಕ್ತ ಕೆಮ್ಮುತ್ತಿದಾರಲ್ಲಮ್ಮ," ಎಂದಷ್ಟೇ ಹೇಳಿ ಡಾಕ್ಟರಮ್ಮ ರೋಗಿಯ ಕಡೆ ತಿರುಗಿದರು. "ಬಾಯಲ್ಲಿ ಹುಣ್ಣು ಆಗುತ್ತಾ?"

"ಬಾಯಿಹುಣ್ಣು ಯಾರಿಗೆ ಆಗಲ್ಲ ಡಾಕ್ಟ್ರೇ?"

"ಇವನಿಗೆ ತಿಂಗಳಿಗೆರಡು ಸಲ," ಎಂದರು ಅತ್ತೆ. "ಇಪ್ಪತ್ತು ವರ್ಷದಿಂದ. ಮೈ ಉಷ್ಣ ಅಂತ ನಾನು ಮಜ್ಜಿಗೆ ಕುಡಿಸಿದ್ದು ಕೂಡಿಟ್ಟಿದ್ರೆ ಒಂದು ಬಾವಿ ತುಂಬ್ತಿತ್ತು."

"ಕಣ್ಣು?"

ಅವನು ಬಲಗಣ್ಣು ಉಜ್ಜಿಕೊಂಡ. "ಬಲಗಣ್ಣು ಕೆಂಪಾಗ್ತಿತ್ತು. ಆಮೇಲೆ ಮಂಜು ಕವಿದ ಹಾಗೆ. ಭೂತಗನ್ನಡಿ ಎಡಗಣ್ಣಿಗೆ ಬದಲಾಯಿಸಿಕೊಂಡೆ. ಕೆಲಸಕ್ಕೆ ಒಂದು ಕಣ್ಣು ಸಾಕು."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕುಳಿತರು. ದನಿ ತಗ್ಗಿಸಿದರು. "ಇನ್ನೊಂದು ಮಾತು. ಸಂಕೋಚ ಪಡಬೇಡಿ. ಕೆಳಗೆ, ಬಟ್ಟೆಯೊಳಗಿನ ಜಾಗದಲ್ಲಿ ಯಾವತ್ತಾದ್ರೂ ಹುಣ್ಣಾಗಿತ್ತಾ?"

ಅತ್ತೆಯ ತುಟಿ ನಿಂತಿತು. ಅವನು ಗಡಿಯಾರ ನೋಡಿದ.

"ಇಲ್ಲ."

"ಒಂದು ಸಲ ಪರೀಕ್ಷೆ ಮಾಡಿ ನೋಡಲಾ? ಪರದೆ ಎಳೀತೀನಿ."

"ಇಲ್ಲ ಅಂದೆನಲ್ಲ ಡಾಕ್ಟ್ರೇ."

ಹೆಂಡತಿ ತನ್ನ ಚಪ್ಪಲಿಯ ಪಟ್ಟಿ ನೋಡುತ್ತ ನಿಂತಳು. ಅವನು ಸುಳ್ಳು ಹೇಳುತ್ತಿದ್ದಾನೆಂದು ಆ ಕೋಣೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಆ ಸುಳ್ಳು ಯಾರ ಭಯದಿಂದ ಹುಟ್ಟಿತೆಂದು ತಿಳಿದಿದ್ದವಳೂ ಅವಳೇ.

"ಕೊನೇದು. ಸೂಜಿ ಚುಚ್ಚಿದ ಜಾಗ ಮಾರನೇ ದಿನ ಗುಳ್ಳೆ ಏಳುತ್ತಾ? ಕೀವು ತುಂಬಿ?"

ಅವನ ಕಣ್ಣು ಅರೆಗಳಿಗೆ ಹೆಂಡತಿಯ ಕಡೆ ಹೊರಳಿ ಹಿಂತಿರುಗಿತು. "ಗಮನಿಸಿಲ್ಲ," ಎಂದ.

ಡಾಕ್ಟರಮ್ಮ ಎದ್ದರು. "ನೋಡಿ, ನನಗೆ ಒಂದು ಕಾಯಿಲೆಯ ಅನುಮಾನ ಇದೆ. ಬೆಹ್ಚೆಟ್ ಅಂತ ಅದರ ಹೆಸರು. ಅಪರೂಪದ್ದು. ಅದೇ ಅಂತಾದ್ರೆ ಇವತ್ತೇ ದೊಡ್ಡ ಪ್ರಮಾಣದಲ್ಲಿ ಸ್ಟೆರಾಯ್ಡ್ ಶುರು ಮಾಡಬೇಕು. ಅದಲ್ಲದೆ ಕ್ಷಯ ಆಗಿದ್ರೆ ಅದೇ ಔಷಧಿ ಇವರನ್ನ ಮುಗಿಸಿಬಿಡುತ್ತೆ. ಗುರುತುಗಳು ಸಾಲ್ತಾ ಇಲ್ಲ. ಇವತ್ತು ಚುಚ್ಚಿರೋ ಜಾಗ ಏನಾಗುತ್ತೆ ಅಂತ ನಾಳೆ ನಾಡಿದ್ದು ನೋಡೋಣ."

"ಅಷ್ಟು ದಿನ ಕಾಯಬಹುದಾ?" ಎಂದು ಅತ್ತೆ ಕೇಳಿದರು.

"ಕಾಯಬಾರದು," ಎಂದು ಡಾಕ್ಟರಮ್ಮ ಹೊರಟರು.

ಒಂಬತ್ತು ವರ್ಷದ ಹಿಂದೆ ಅವನು ತಾನಾಗಿಯೇ ತೋರಿಸಿದ್ದ. ಸ್ನಾನ ಮುಗಿಸಿ ಬಂದು, ಟವೆಲು ಸುತ್ತಿಕೊಂಡು, ಬಾಗಿಲು ಹಾಕಿ, "ನೋಡೇ, ಇದೇನೋ ಆಗಿದೆ. ನೀನು ಲ್ಯಾಬಿನವಳಲ್ಲ, ನಿನಗೆ ಗೊತ್ತಿರುತ್ತೆ," ಎಂದಿದ್ದ. ಎಳೆಮಗು ತರಚಿದ ಮೊಣಕಾಲು ತಂದು ತಾಯಿಗೆ ತೋರಿಸುವಂತೆ ತೋರಿಸಿದ್ದ. ಅವಳು ಆ ಹುಣ್ಣು ನೋಡಿದಳು. ಅಂಥ ಹುಣ್ಣಿರುವ ಗಂಡಸರು ಲ್ಯಾಬಿಗೆ ಬಂದು, ಬೇರೆ ಹೆಸರು ಬರೆಸಿ, ತಲೆ ತಗ್ಗಿಸಿ ರಕ್ತ ಕೊಟ್ಟು ಹೋಗುವುದನ್ನು ಅವಳು ನೂರಾರು ಸಲ ಕಂಡಿದ್ದಳು. 'ನೋವಿದೆಯಾ' ಎಂದು ಕೇಳಲಿಲ್ಲ ಅವಳು. "ಯಾರ ಹತ್ರ ಹೋಗಿದ್ರಿ?" ಎಂದು ಕೇಳಿದಳು.

"ಎಲ್ಲೂ ಇಲ್ಲ. ನಿನ್ನಾಣೆ."

"ನನ್ನ ಮೇಲೆ ಯಾಕೆ ಆಣೆ? ಆ ಹೆಂಗಸಿನ ಮೇಲೇ ಇಡಿ."

ಆ ವಾರವೇ ಸಕ್ಕರೆ ಪರೀಕ್ಷೆಯೆಂದು ಸುಳ್ಳು ಹೇಳಿ ಗುಪ್ತರೋಗದ ಪರೀಕ್ಷೆಗೆ ಅವನ ರಕ್ತ ತೆಗೆದಳು. ತಾನೂ ಬೇರೆ ಹೆಸರು ಬರೆದಳು. ಏನೂ ಇಲ್ಲವೆಂದು ಬಂತು. ಆರು ವಾರ ಬಿಟ್ಟು ಮತ್ತೆ ತೆಗೆದಳು. ಆಗಲೂ ಏನೂ ಇರಲಿಲ್ಲ. ಬೇರೆಯವರ ಬಾಳನ್ನು ನಿಶ್ಚಯಿಸುವ ಕಾಗದಗಳನ್ನು ದಿನವೂ ಅವರ ಕೈಗಿಡುತ್ತಿದ್ದವಳು ತನ್ನ ಮನೆಯ ಕಾಗದವನ್ನು ಮಾತ್ರ ನಂಬಲಿಲ್ಲ. ಎಲ್ಲೋ ಗುಟ್ಟಾಗಿ ಇಂಜೆಕ್ಷನ್ ಹಾಕಿಸಿಕೊಂಡಿದ್ದಾನೆ, ಅದಕ್ಕೇ ಸಿಗುತ್ತಿಲ್ಲ ಎಂದುಕೊಂಡಳು. ಎರಡನ್ನೂ ಹರಿದು ಲ್ಯಾಬಿನ ಕಸದ ಡಬ್ಬಿಗೆ ಹಾಕಿದಳು. ಹಾಸಿಗೆಯನ್ನು ಅತ್ತೆಯ ಕೋಣೆಗೆ ಒಯ್ದಳು. ಆಗ ಅವಳಿಗೆ ಮೂವತ್ತನಾಲ್ಕು. ಒಂದು ಮಗುವಾದೀತೆಂಬ ಆಸೆ ಇನ್ನೂ ಆರಿರಲಿಲ್ಲ. ಆಮೇಲೆ ಅದನ್ನು ಆರಿಸುವವರೂ ಬೇಕಾಗಲಿಲ್ಲ.

ಮೊದಲ ಸಲ ರಕ್ತ ತೆಗೆದ ಮಾರನೇ ದಿನ ಅವನು ತೋಳು ಮುಂದೆ ಹಿಡಿದುಕೊಂಡು ಬಂದಿದ್ದ. ಸೂಜಿ ಹೊಕ್ಕ ಜಾಗದಲ್ಲಿ ಬಿಳಿ ತಲೆಯ ಒಂದು ಗುಳ್ಳೆ. ರಾಜಿಯಾಗುವ ನೆಪ ಹುಡುಕುವ ನಗೆಯಲ್ಲಿ, "ಏನಮ್ಮಾ, ನಿನ್ನ ಸೂಜಿ ಕಾಲ ಕಾಲಕ್ಕೆ ಸ್ನಾನ ಮಾಡುತ್ತಾ?" ಎಂದಿದ್ದ.

ತನ್ನ ಕೈಯಿಂದ ಇಷ್ಟು ವರ್ಷದಲ್ಲಿ ಒಂದು ತೋಳೂ ಕೆಟ್ಟದ್ದಿಲ್ಲ ಎಂಬ ಹೆಮ್ಮೆಗೆ ಆ ಮಾತು ತಾಗಿತು.

"ನನ್ನ ಸೂಜಿ ಶುದ್ಧವಾಗೇ ಇದೆ. ನಿಮ್ಮ ರಕ್ತ ಹೊಲಸಾಗಿದೆ," ಎಂದಿದ್ದಳು.

ಅವನ ಮುಖದ ನಗೆ ತಕ್ಷಣ ಮಾಯವಾಗಲಿಲ್ಲ. ಅತಿಥಿ ಹೊರಟಮೇಲೂ ಹೊಸ್ತಿಲಲ್ಲಿ ನಿಂತವರ ಹಾಗೆ ಸ್ವಲ್ಪ ಹೊತ್ತು ನಿಂತಿತ್ತು. ಅದೇ ಕೊನೆ. ಅಂದಿನಿಂದ ಅವನ ಮಾತೆಲ್ಲ ತಾಯಿಯ ಮೂಲಕ.

ಎರಡು ವರ್ಷದಿಂದ ಪ್ರತಿ ಸೋಮವಾರ ಚುಚ್ಚಿದ ಜಾಗದಲ್ಲೆಲ್ಲ ಬುಧವಾರದ ಹೊತ್ತಿಗೆ ಗುಳ್ಳೆ ಏಳುತ್ತಿತ್ತು. ಅವಳು ಸ್ಪಿರಿಟ್ಟು ಬದಲಿಸಿದಳು, ಹತ್ತಿ ಬದಲಿಸಿದಳು, ಸೂಜಿಯ ಡಬ್ಬಿಯನ್ನೇ ಎಸೆದು ಹೊಸದು ತಂದಳು. ಕೈಯನ್ನು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದಳು. ಆದರೂ ಗುಳ್ಳೆ ಏಳುವುದು ತಪ್ಪಲಿಲ್ಲ. ಅವನು ಮತ್ತೆ ಅದನ್ನು ತೋರಿಸಲಿಲ್ಲ, ತುಂಬುತೋಳಿನ ಅಂಗಿ ತೊಟ್ಟ. ಅವಳು ಯಾವ ಡಾಕ್ಟರಿಗೂ ಹೇಳಲಿಲ್ಲ. ರಕ್ತ ತೆಗೆಯುವವಳು ಚುಚ್ಚಿದಲ್ಲೆಲ್ಲ ಕೀವಾಗುತ್ತದೆಂದು ಊರಿಗೆ ತಿಳಿದರೆ ಅವಳ ಕೈಗೆ ಇನ್ನು ಯಾರು ತೋಳು ಕೊಡುತ್ತಾರೆ? ಹೀಗೆ ಒಂದು ಮನೆಯಲ್ಲಿ ಇಬ್ಬರೂ ಒಂದೇ ಗುರುತನ್ನು ಮುಚ್ಚಿಟ್ಟುಕೊಂಡಿದ್ದರು.

ಅವಳು ವಾರ್ಡಿನಿಂದ ಹೊರಬಿದ್ದಾಗ ಡಾಕ್ಟರಮ್ಮ ಕಾರಿಡಾರಿನ ತುದಿಯಲ್ಲಿ ಲಿಫ್ಟಿಗೆ ಕಾಯುತ್ತಿದ್ದರು. ಲಿಫ್ಟು ಬಂದು ಹೋಯಿತು. ಕಿಟಕಿಯ ಪಕ್ಕ ಸರಿದು ನಿಂತು ಅವರು ಕೇಳಿಸಿಕೊಂಡರು. ಹುಣ್ಣು, ಗುಳ್ಳೆ, ಬೇರೆ ಹೆಸರಿನ ಪರೀಕ್ಷೆ, ಎಲ್ಲ. ಅವಳು ಮಾತನಾಡುತ್ತ ಕಿಟಕಿಯ ತುಕ್ಕಿನ ಸರಳನ್ನು ಹಿಡಿದೇ ಇದ್ದಳು.

"ಚುಚ್ಚಿದಾಗಲೆಲ್ಲ? ಎರಡು ವರ್ಷ?"

"ಒಂದು ವಾರವೂ ತಪ್ಪದ ಹಾಗೆ. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ."

"ನಿಮ್ಮ ಕೈ ಸರಿಯಾಗೇ ಇದೆ. ಅವರ ಮೈ ಹಾಗಿದೆ. ಒಂದು ಸೂಜಿಮೊನೆ ತಾಗಿದ್ರೂ ಯುದ್ಧಕ್ಕೆ ನಿಂತುಬಿಡುತ್ತೆ. ಹುಣ್ಣು ಅದರದ್ದೇ, ಕಣ್ಣು ಅದರದ್ದೇ, ಕಾಲು ಅದರದ್ದೇ. ಅದು ಅಂಟುಜಾಡ್ಯ ಅಲ್ಲಮ್ಮ. ಅವರು ಯಾರಿಂದಲೂ ತಂದದ್ದಲ್ಲ."

ಅವಳು ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು.

"ಹಾಗಾದ್ರೆ ನಾನು ಕೊಟ್ಟ ಮಾತ್ರೆ?"

"ರಕ್ತದ್ದೇನೂ ತಪ್ಪಿಲ್ಲ. ನಾಳದ ಗೋಡೆಗೆ ಉರಿ ಹತ್ತಿದೆ. ಗೋಡೆ ಉರೀತಿದ್ರೆ ರಕ್ತ ಅಲ್ಲಿ ಅಂಟಿಕೊಳ್ಳುತ್ತೆ. ನೀವು ರಕ್ತ ತೆಳು ಮಾಡ್ತಾ ಹೋದ್ರಿ, ಉರಿ ಹಾಗೇ ಇತ್ತು." ಡಾಕ್ಟರಮ್ಮ ವಾರ್ಡಿನ ಕಡೆ ತಿರುಗಿದರು. "ಶ್ವಾಸಕೋಶದ ನಾಳವೂ ತೆಳ್ಳಗಾಗಿ ಬಲೂನಿನ ಹಾಗೆ ಉಬ್ಬಿದೆಯಾ ಅಂತ ನನ್ನ ಹೆದರಿಕೆ. ಉಬ್ಬಿದ್ರೆ, ಅದು ಒಡೆದಾಗ ತೆಳುರಕ್ತ ನಿಲ್ಲೋದಿಲ್ಲ. ಬನ್ನಿ, ಹೊತ್ತು ಮಾಡೋದು ಬೇಡ."

ಮಂಚದ ಸುತ್ತ ಪರದೆ ಎಳೆದರು. ಅತ್ತೆಯೂ ಸೊಸೆಯೂ ಹೊರಗೆ ನಿಂತರು. ಹಸಿರು ಬಟ್ಟೆಯ ಹಿಂದಿನಿಂದ ಡಾಕ್ಟರಮ್ಮನ ದನಿ ಮೊದಲು ಪಿಸುಪಿಸು ಎಂದಿತು, ಆಮೇಲೆ ಧೈರ್ಯ ಹೇಳುವವರ ದನಿಯಾಗಿ ಮೇಲೆದ್ದಿತು.

"ಕಲೆ ಇದೆಯಲ್ಲ. ಇದನ್ನ ಮುಚ್ಚಿಟ್ರೆ ಹೇಗೆ? ನಿಮ್ಮ ಮನೆಯವರು ಎಲ್ಲ ಹೇಳಿದ್ರು. ಇದು ಆ ಥರದ ರೋಗ ಅಲ್ಲವೇ ಅಲ್ಲ. ಆವತ್ತು ಎರಡು ಸಲ ಪರೀಕ್ಷೆ ಮಾಡಿಸಿದಾಗಲೂ ಏನೂ ಇಲ್ಲ ಅಂತಲೇ ಬಂದಿತ್ತಲ್ಲ, ಇನ್ಯಾಕೆ ಸಂಕೋಚ?"

ಪರದೆಯೊಳಗೆ ಮಂಚ ಒಮ್ಮೆ ಕಿರುಗುಟ್ಟಿತು.

ಡಾಕ್ಟರಮ್ಮ ಸರಸರನೆ ಬರೆದುಕೊಟ್ಟು, ಸ್ಕ್ಯಾನಿನವರಿಗೆ ಫೋನ್ ಮಾಡುತ್ತ ಹೋದರು. ನರ್ಸು ಪರದೆ ಸರಿಸಿದಳು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

"ಪರೀಕ್ಷೆ ಮಾಡಿದ್ಯಾ?" ಎಂದ.

ಒಂಬತ್ತು ವರ್ಷದ ಮೇಲೆ ಅವನು ನೇರವಾಗಿ ಅವಳಿಗೆ ಆಡಿದ ಮೊದಲ ಮಾತು.

"ಹೂಂ."

"ಯಾವಾಗ?"

"ಆ ವಾರವೇ. ಸಕ್ಕರೆ ಅಂತ ಹೇಳಿ ತೆಗೆದದ್ದು ಅದಕ್ಕೇ."

"ಏನೂ ಇಲ್ಲ ಅಂತ ಬಂತಾ?"

"ಬಂತು."

"ಅಂದ್ರೆ ನಿನಗೆ ಗೊತ್ತಿತ್ತು."

"ನಂಬಲಿಲ್ಲ ರೀ. ನಾನು..."

ಅವನು ಕೈಯೆತ್ತಿ ತಡೆದ. ಕೋಪದಿಂದಲ್ಲ. ಗಿರಾಕಿಯೊಬ್ಬ ತಂದ ಗಡಿಯಾರದ ಹಿಂಬದಿ ಬಿಚ್ಚಿ, ಒಳಗೆ ನೋಡಿ, ಇದರಲ್ಲಿ ಇನ್ನು ಏನೂ ಮಾಡಲಾಗುವುದಿಲ್ಲ ಎಂದು ಹೇಳುವ ಮೊದಲು ಅವನು ಹಾಗೆ ಕೈ ಎತ್ತುತ್ತಿದ್ದ.

"ನನಗೇ ಒಂದೊಂದು ಸಲ ಅನುಮಾನ ಬರ್ತಿತ್ತಮ್ಮ," ಎಂದ. ಮಾತು ಈಗ ತಾಯಿಯ ಕಡೆಗೆ ತಿರುಗಿತ್ತು. "ಎಲ್ಲಾದ್ರೂ ಹೋಗಿದ್ದೆನೋ, ಮರೆತುಬಿಟ್ಟೆನೋ ಅಂತ. ಲ್ಯಾಬಿನವಳು, ತಿಳಿದವಳು, ಅಷ್ಟು ಗಟ್ಟಿಯಾಗಿ ಹೇಳ್ತಿದಾಳೆ ಅಂದ್ರೆ... ಆಮೇಲೂ ಎರಡು ಸಲ ಹುಣ್ಣಾಯ್ತು. ಅಂಗಡಿ ಬಾಗಿಲು ಹಾಕಿಕೊಂಡು ಕೂತಿರ್ತಿದ್ದೆ."

ಅತ್ತೆ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಇಷ್ಟು ವರ್ಷ ಹೊತ್ತ ಟಪಾಲಿನ ಒಳಗೇನಿತ್ತೆಂದು ಅವರಿಗೆ ಈಗಷ್ಟೇ ತಿಳಿದಿತ್ತು.

"ನಾನೂ ನಿನ್ನದೇ ತಪ್ಪು ಅಂದುಕೊಂಡಿದ್ದೆ ಕಣೋ," ಎಂದರು ಸಣ್ಣದನಿಯಲ್ಲಿ. "ಸುಮ್ಮನೆ ಯಾವ ಹೆಂಗಸು ಹಾಸಿಗೆ ಹೊತ್ತು ನನ್ನ ಕೋಣೆಗೆ ಬರ್ತಾಳೆ ಅಂತ. ದೇವರ ಮುಂದೆ ನಿನ್ನ ಪರವಾಗಿ ತಪ್ಪು ಒಪ್ಪಿಕೊಂಡಿದ್ದೆ." ಆಮೇಲೆ ಬಿಟ್ಟ ಪದ್ಯವನ್ನು ಹಿಡಿಯಲು ನೋಡಿದರು. ಯಾವ ಸಾಲಿನಲ್ಲಿ ಬಿಟ್ಟಿದ್ದರೋ ನೆನಪಾಗಲಿಲ್ಲ. ಈ ಸಲ ಹಣೆ ತಟ್ಟಿಕೊಳ್ಳಲೂ ಇಲ್ಲ.

ಸ್ಕ್ಯಾನಿನಲ್ಲಿ ಎರಡು ಉಬ್ಬು ಕಂಡವು. ಬಲ ಶ್ವಾಸಕೋಶದಲ್ಲಿ ಒಂದು ದ್ರಾಕ್ಷಿಯಷ್ಟು, ಎಡದಲ್ಲಿ ಅದಕ್ಕಿಂತ ಚಿಕ್ಕದು. ಔಷಧಿಯ ಬಾಟಲಿ ಮಧ್ಯಾಹ್ನವೇ ಏರಿತು. ಉರಿ ಮೊದಲು ಇಳಿಯುತ್ತದೋ, ಉಬ್ಬು ಮೊದಲು ಒಡೆಯುತ್ತದೋ, ಈ ಹತ್ತು ದಿನ ದಾಟಲಿ, ಆಮೇಲೆ ಮಾತಾಡೋಣ ಎಂದರು ಡಾಕ್ಟರಮ್ಮ. ಕೆಮ್ಮಬೇಡಿ, ಎತ್ತಬೇಡಿ, ದನಿ ಏರಿಸಬೇಡಿ ಎಂದರು. ಕೊನೆಯದನ್ನು ಆ ಮನೆಯವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಎರಡು ದಿನ ಕಳೆಯಿತು. ಅವಳು ರಜೆ ಹಾಕಿ ಅಲ್ಲೇ ಉಳಿದಳು. ಅವನು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ನೀರು ಬೇಕಾದಾಗ ತಾಯಿಗೆ ಹೇಳುತ್ತಿದ್ದ. ತಾಯಿ ಈಗ ಏನೂ ಅನ್ನದೆ ಸೊಸೆಯ ಕಡೆ ನೋಡುತ್ತಿದ್ದರು. ಅವಳು ಲೋಟ ತುಂಬಿಸಿ ಅತ್ತೆಯ ಕೈಗೆ ಕೊಡುತ್ತಿದ್ದಳು.

ಮೂರನೆಯ ಬೆಳಗ್ಗೆ ಕೈಗೆ ಹಾಕಿದ್ದ ಸೂಜಿಯ ಜಾಗ ಊದಿಕೊಂಡು ಔಷಧಿ ಇಳಿಯುವುದು ನಿಂತಿತು. ಕನ್ನಡಕದ ನರ್ಸು ಟ್ರೇ ಹಿಡಿದು ಬಂದಳು. ಎಡತೋಳು ತಿರುಗಿಸಿದಳು, ಬಲತೋಳು ತಿರುಗಿಸಿದಳು, ತಟ್ಟಿದಳು, ಕನ್ನಡಕ ಒರೆಸಿಕೊಂಡಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಅಮ್ಮಾ, ಮೊನ್ನೆ ಏನೋ ರೂಲ್ಸು ಅಂದುಬಿಟ್ಟೆ. ನೀವು ಈ ಕೆಲಸದಲ್ಲಿ ಪಳಗಿದವರು ಅಂತ ಕೇಳಿದೆ. ಯಾರೂ ಇಲ್ಲ ಈಗ. ನೀವೇ ಒಂದು ಕೈ ನೋಡಿಬಿಡಿ."

ಅವಳು ಕೈ ತೊಳೆದು ಬಂದಳು. ಹತ್ತಿಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದಳು. ಬಗ್ಗಿ ನೋಡಿದಾಗಲೇ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಓರೆಯಾಗಿ ಹೋಗುವ ಒಂದು ಒಳ್ಳೆಯ ನರ ಅವಳಿಗೆ ಕಂಡಿತು. ಕಣ್ಣು ಮುಚ್ಚಿದರೂ ಸಿಗುವಂಥದ್ದು.

ಅವನು ತೋಳನ್ನು ಹಿಂದೆಳೆದುಕೊಂಡ. ನರ್ಸಿನ ಕಡೆ ಚಾಚಿದ.

"ನೀವೇ ಹಾಕಿ ಸಿಸ್ಟರ್."

"ನನ್ನ ಕೈಯಲ್ಲಿ ಮತ್ತೆ ಮೂರು ನಾಲ್ಕು ಸಲ ಆಗುತ್ತೆ ಕಣ್ರೀ. ನೋವಾಗುತ್ತೆ."

"ಆಗಲಿ."

ನರ್ಸು ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡಿ, ರಬ್ಬರ್ ಪಟ್ಟಿ ಬಿಗಿದಳು. ಮೊದಲನೆಯದು ತಪ್ಪಿತು. ಎರಡನೆಯದೂ ತಪ್ಪಿತು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಮುಂಗೈ ಮೇಲೆ ಮೊನ್ನೆಯ ಮೂರು ಚುಕ್ಕೆಗಳು ಈಗ ಮೂರು ಗುಳ್ಳೆಗಳಾಗಿದ್ದವು. ಪ್ರತಿಯೊಂದರ ನೆತ್ತಿಯಲ್ಲೂ ಅಕ್ಕಿಕಾಳಿನ ತುದಿಯಷ್ಟು ಬಿಳಿ. ಅವಳು ಅವುಗಳಿಂದ ಒಂದು ಗೇಣು ದೂರದಲ್ಲಿ, ಹತ್ತಿ ಹಿಡಿದ ಕೈಯನ್ನು ಮುಂದೆ ಚಾಚಿಕೊಂಡೇ ನಿಂತಿದ್ದಳು. ನರ್ಸು ಮೂರನೆಯ ಸಲ ಚುಚ್ಚುವ ಹೊತ್ತಿಗೆ ಸ್ಪಿರಿಟ್ಟು ಆರಿ, ಹತ್ತಿ ಒಣಗಿಹೋಗಿತ್ತು.